ಆಕಾಶಮಾರ್ಗದಲ್ಲೊಂದು ಅರವಟ್ಟಿಗೆ

ಹರಪನಹಳ್ಳಿ ತಾಲೂಕಿನ ತೆಲಿಗಿಯ ಕಡೆಯ ಮುದುಕಿಯೊಬ್ಬಳು ಪರದೇಶದಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟಿದ್ದಳು. ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಆಕೆ ನನಗಿಂತ ಇಬ್ಬರ ಮುಂದೆ ನಿಂತಿದ್ದಳು. ಕೈಚೀಲ ಯಂತ್ರದೊಳಗೆ ಹೋಗಿ ಹೊರಬಂದೊಡನೆ ಕಾವಲಿನ ಯುವಕ ಅದನ್ನು ಬದಿಗೆ ಸರಿಸಿದ. ಒಳಗಿದ್ದುದು ತಿರುಪಿನ ಮುಚ್ಚಳದ ಒಂದು ಹಿತ್ತಾಳೆ ತಂಬಿಗೆ. ಅದರ ತುಂಬ ಮನೆಯ ನೀರು.

"ಅವ್ವಾ, ಇದನ್ನ ಒಳಗ ಬಿಡಂಗಿಲ್ಲ" ಎಂದ ಯುವಕ. ಅವನೂ ನಮ್ಮ ಕಡೆಯವನೇ ಇರಬೇಕು.

"ನೀರು ತಮ್ಮಾ, ವಿಷ ಅಲ್ಲ" ಎಂದಳು ಮುದುಕಿ.

"ಗೊತ್ತೈತೆವ್ವಾ. ಆದ್ರ ಕಾಯಿದೆ ಹಂಗೈತಿ. ಇಲ್ಲೇ ಕುಡುದುಬಿಡ್ರಿ, ಇಲ್ಲಾ ಚೆಲ್ಲಿಬಿಡ್ರಿ."

ಮುದುಕಿ ಅರ್ಧ ತಂಬಿಗೆ ಕುಡಿದಳು. ಉಳಿದುದನ್ನು ಚೆಲ್ಲಲು ಆಕೆಗೆ ಮನಸ್ಸು ಬರಲಿಲ್ಲ. ಹಿಂದೆ ತಿರುಗಿ, ತಾಯಿಯ ಕೈ ಹಿಡಿದು ನಿಂತಿದ್ದ ಅಪರಿಚಿತ ಹುಡುಗನೊಬ್ಬನನ್ನು ಕರೆದು, "ಬಾಯಾರೈತೇನೋ ಕೂಸಾ?" ಎಂದು ಕೇಳಿ, ಅವನ ಬೊಗಸೆಗೆ ಸುರಿದಳು. ಆಮೇಲೆ ಬರಿದಾದ ತಂಬಿಗೆಯನ್ನು ಸೆರಗಿನಿಂದ ಒರೆಸಿ ಚೀಲದೊಳಗಿಟ್ಟುಕೊಂಡು ಮುಂದೆ ನಡೆದಳು.

ನೋಡಿದವರು ನಕ್ಕರು, ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆದರೆ ವಿಮಾನ ಮೇಲೇರಿದ ಮೇಲೆ, ಗಂಟಲು ಒಣಗಿ ತುಟಿ ಬಿರಿಯತೊಡಗಿದಾಗ, ಆ ತಂಬಿಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿತು. ದಾರಿಹೋಕನ ನೀರು ಯಾರ ಹೊಣೆ? ತಾನೇ ಹೊರಬೇಕೆ, ದಾರಿ ಕೊಡಬೇಕೆ, ದಾರಿಯನ್ನು ಆಳುವವರು ಕೊಡಬೇಕೆ? ಮನುಷ್ಯ ನಡೆಯಲು ಕಲಿತಂದಿನಿಂದ ಇರುವ ಈ ಪ್ರಶ್ನೆ ವಿಮಾನದ ಬಾಗಿಲಲ್ಲಿ ಹೊಸದಾಗಿ ಎದ್ದು ನಿಂತಿದೆ. ಇದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವುದು ವ್ಯರ್ಥವಾಗಲಾರದು.

*

ತೆಲಿಗಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ—ಇದು ಬಿಸಿಲಿನ ಸೀಮೆ. ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ನಿಜ. ಆದರೆ ಹೊಳೆಯಿಂದ ನಾಲ್ಕು ಹರಿದಾರಿ ಒಳಕ್ಕೆ ಬಂದರೆ ಮಳೆರಾಯನನ್ನು ನಂಬಿದ ಹೊಲಗಳು, ಮಾಘ ಕಳೆಯುವಷ್ಟರಲ್ಲಿ ತಳ ಕಾಣುವ ಕೆರೆಗಳು. ಈ ಸೀಮೆ ಕಂಡ ಆಳ್ವಿಕೆಗಳೂ ಹಲವು. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುದು 1953ರಲ್ಲಿ ಮೈಸೂರಿಗೆ ಬಂದಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರೊಳಗೆ ಸೇರಿತು. ಊರು ಇದ್ದಲ್ಲಿಯೇ ಇದ್ದು ಜಿಲ್ಲೆಗಳೇ ಪ್ರಯಾಣ ಮಾಡಿದವು ಎನ್ನಬೇಕು. ಬಾಯಾರಿಕೆ ಮಾತ್ರ ಎಲ್ಲ ಜಿಲ್ಲೆಗಳಲ್ಲಿಯೂ ಒಂದೇ ಆಗಿತ್ತು.

ಇಂಥ ಸೀಮೆಯಲ್ಲಿ ದಾರಿ ಹೊರಡುವವನು ಬುತ್ತಿಗಿಂತ ಮೊದಲು ನೀರಿನ ಚಿಂತೆ ಮಾಡುತ್ತಿದ್ದನು. ಕುರಿಗಾಹಿಯ ಹೆಗಲಿಗೆ ಒಣಗಿದ ಸೋರೆಬುರುಡೆ; ಬಂಡಿಯ ಗೂಟಕ್ಕೆ ನೇತುಬಿದ್ದ ಮಣ್ಣಿನ ಕೊಡ; ಸಿಪಾಯಿಗಳಿಗೆ, ವರ್ತಕರಿಗೆ ತೊಗಲಿನ ತಿತ್ತಿ; ಉಳ್ಳವರಿಗೆ ಹಿತ್ತಾಳೆಯ ತಂಬಿಗೆ. ಕೊಡದ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಆದುದರಿಂದ ಹವೆ ಒಣಗಿದಷ್ಟೂ ಕೊಡದ ನೀರು ತಂಪು. ಮುಂದೆ ಲಾರಿಗಳ ಮುಂಭಾಗದಲ್ಲಿ ತೂಗಾಡುತ್ತಿದ್ದ ಕ್ಯಾನ್ವಾಸಿನ ನೀರುಚೀಲವೂ ಇದೇ ತತ್ತ್ವದ್ದು. ಬಡವನ ಈ ಶೀತಯಂತ್ರಕ್ಕೆ ಖರ್ಚಿಲ್ಲ, ಸದ್ದಿಲ್ಲ.

ಆದರೆ ಹೊತ್ತ ನೀರು ಎಷ್ಟು ದೂರ ಬಂದೀತು? ಅದು ಮುಗಿದ ಕಡೆ ದಾರಿಯೇ ನೀರು ಕೊಡಬೇಕು. ಅರವಟ್ಟಿಗೆ ಎಂಬ ಸಂಸ್ಥೆ ಹುಟ್ಟಿದುದು ಈ ಅರಿವಿನಿಂದ. ನಾಲ್ಕು ಕಂಬ, ಮೇಲೊಂದು ಚಪ್ಪರ, ಒದ್ದೆ ಮರಳಿನ ಮೇಲೆ ಕೂರಿಸಿದ ಎರಡು ಮಣ್ಣಿನ ಹಂಡೆ, ನೀರು ಹೊಯ್ಯುವವನೊಬ್ಬ—ಇಷ್ಟೇ ಅದರ ವೈಭವ. ಆದರೂ ನಮ್ಮ ಹಿರಿಯರು ಅದನ್ನು ದೇವಾಲಯ, ಸತ್ರ, ಕೆರೆಗಳ ಸಾಲಿನಲ್ಲಿಟ್ಟು ಎಣಿಸಿದರು. ಅದಕ್ಕೆ ಭೂಮಿ ದತ್ತಿ ಬಿಟ್ಟರು. ಕಲ್ಲಿನಲ್ಲಿ ಅದರ ಹೆಸರು ಕೊರೆಸಿದರು. ಇದಕ್ಕೂ ಹಿಂದೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಅಶೋಕ ಚಕ್ರವರ್ತಿ ದಾರಿಗಳ ಬದಿಯಲ್ಲಿ ಬಾವಿ ತೋಡಿಸಿದುದನ್ನೂ ಮರ ನೆಡಿಸಿದುದನ್ನೂ ಮನುಷ್ಯರಿಗೂ ಪಶುಗಳಿಗೂ ನೀರಿನ ತಾಣಗಳನ್ನು ಏರ್ಪಡಿಸಿದುದನ್ನೂ ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಅದೇ ಅರಸನ ಕಿರುಶಾಸನಗಳು ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿಯೂ ದೊರೆತಿವೆ. ಅವುಗಳಲ್ಲಿ ಬಾವಿಯ ಮಾತಿಲ್ಲ, ಧರ್ಮದ ಮಾತುಂಟು. ದಾರಿಹೋಕನಿಗೆ ನೀರು ಕೊಡುವುದು ಆಳುವವನ ಧರ್ಮದ ಒಂದು ಭಾಗವೆಂಬ ಭಾವನೆ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇಷ್ಟು ಸಾಕು.

ಈ ಭಾವನೆ ಪೂರಾ ಸತ್ತಿಲ್ಲ. ಕೊಟ್ಟೂರೇಶ್ವರನ ತೇರಿಗೆ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಪಾನಕ ಕೊಡುವವರು ಇಂದಿಗೂ ಇದ್ದಾರೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಕಾರಣಿಕ ಕೇಳಲು ಸೇರುವ ಜನಸಾಗರವನ್ನು ಕಂಡವರಿಗೆ, ಅಷ್ಟು ಬಾಯಿಗಳಿಗೆ ನೀರೊದಗಿಸುವುದು ಎಂಥ ಕೆಲಸವೆಂಬುದು ತಿಳಿದಿದೆ. ಬಿಸಿಲಿನಿಂದ ಮನೆಗೆ ಬಂದವರ ಮುಂದೆ ಮೊದಲು ಬೆಲ್ಲದ ಚೂರನ್ನು, ಅದರೊಡನೆ ನೀರನ್ನು ಇಡುವ ಪದ್ಧತಿಯೂ ಈ ಅರವಟ್ಟಿಗೆಯ ತಂಗಿಯೇ.

*

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಚರಿತ್ರೆಗೆ ಬೆನ್ನಿನ ಭಾಗವೂ ಉಂಟಷ್ಟೆ.

ಮೊದಲನೆಯದು, ದಾರಿಯ ನೀರು ಪ್ರಾಣ ಉಳಿಸಿದಂತೆ ತೆಗೆದುದೂ ಉಂಟು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಒಪ್ಪಿಸಿಕೊಟ್ಟಾಗ, ಇಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದವನು ತಾಮಸ್ ಮನ್ರೋ. ಏಳು ವರ್ಷ ಡೇರೆಯಿಂದ ಡೇರೆಗೆ ತಿರುಗುತ್ತ ಈ ನೆಲವನ್ನು ಅವನು ಅಳೆಯಿಸಿದನು. ಮುಂದೆ ಮದರಾಸಿನ ಗವರ್ನರನಾಗಿ, ಸ್ವದೇಶಕ್ಕೆ ಮರಳುವ ಮುನ್ನ ಹಳೆಯ ಸೀಮೆಯನ್ನು ಕೊನೆಯ ಬಾರಿ ನೋಡಿಬರಲು ಹೊರಟವನು, 1827ರ ಜುಲೈ 6ರಂದು ಪತ್ತಿಕೊಂಡದ ಬಿಡಾರದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಬೆಳಿಗ್ಗೆ ಚೆನ್ನಾಗಿದ್ದವನು ರಾತ್ರಿಗೆ ಇಲ್ಲ. ಅವನ ನೆನಪಿಗೆಂದು ಅಲ್ಲಿ ಒಂದು ತೋಪು ಬೆಳೆಸಿ ಬಾವಿ ತೋಡಿಸಿದರು. ಕಾಲರಾ ನೀರಿನಿಂದ ಹರಡುತ್ತದೆಂಬುದನ್ನು ಜಾನ್ ಸ್ನೋ ಎಂಬ ವೈದ್ಯ ಲಂಡನ್ನಿನ ಒಂದು ಬೀದಿ ಪಂಪಿನ ಉದಾಹರಣೆಯಿಂದ ತೋರಿಸಿದುದು 1854ರಲ್ಲಿ. ಆ ರೋಗದಲ್ಲಿ ದೇಹ ಕಳೆದುಕೊಂಡ ನೀರನ್ನು ಉಪ್ಪು, ಸಕ್ಕರೆ ಬೆರೆಸಿದ ನೀರು ಕುಡಿಸಿಯೇ ತುಂಬಿಕೊಡಬಹುದೆಂಬುದನ್ನು ಡಾ. ದಿಲೀಪ್ ಮಹಲನಾಬಿಸ್ 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಸಾವಿರಾರು ಜನರ ಮೇಲೆ ಮಾಡಿ ತೋರಿಸಿದರು. ಸಕ್ಕರೆಯ ಅಂಶವು ಕರುಳಿನಲ್ಲಿ ಉಪ್ಪನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಬೆಲ್ಲ ಕೊಟ್ಟು ನೀರು ಕೊಡುತ್ತಿದ್ದ ನಮ್ಮ ಅಜ್ಜಿಯರು ಈ ಶಾಸ್ತ್ರ ಓದಿರಲಿಲ್ಲ. ಅನುಭವ ಅವರನ್ನು ಅದರ ಹತ್ತಿರ ತಂದಿತ್ತು.

ಎರಡನೆಯದು ಇನ್ನೂ ಕಹಿ. ಅರವಟ್ಟಿಗೆಯ ನೀರು ಎಲ್ಲರ ಬೊಗಸೆಗೂ ಒಂದೇ ರೀತಿಯಲ್ಲಿ ಬೀಳುತ್ತಿರಲಿಲ್ಲ. ಕೆಲವರಿಗೆ ಹತ್ತಿರದಿಂದ, ಕೆಲವರಿಗೆ ಮೇಲಿನಿಂದ, ಕೆಲವರಿಗೆ ಇಲ್ಲವೇ ಇಲ್ಲ. 1901ರ ಬೇಸಗೆಯಲ್ಲಿ ಸುಮಾರು ಒಂಬತ್ತು ವರ್ಷದ ಹುಡುಗನೊಬ್ಬ, ಅಣ್ಣನೇ ಮೊದಲಾದ ಎಳೆಯರೊಡನೆ, ಗೋರೆಗಾಂವಿನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಸಾತಾರೆಯಿಂದ ಹೊರಟನು. ಮಸೂರು ಎಂಬ ರೈಲು ನಿಲ್ದಾಣದಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಹುಡುಗರ ಜಾತಿ ತಿಳಿದೊಡನೆ ಬಂಡಿಯವರೆಲ್ಲ ಹಿಂದೆ ಸರಿದರು. ಕಡೆಗೊಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಹುಡುಗರೇ ಬಂಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದುಬರುವೆನೆಂದು ಕರಾರು ಮಾಡಿದ. ಬುತ್ತಿಯಲ್ಲಿ ಊಟವಿತ್ತು; ನೀರಿರಲಿಲ್ಲ. ದಾರಿಯಲ್ಲಿ ಸಿಕ್ಕುದು ದನಗಳು ಕೆಡಿಸಿದ ಕೆಸರುಗುಂಡಿ. ನಡುರಾತ್ರಿ ಸುಂಕದ ಕಟ್ಟೆಯವನನ್ನು ಬೇಡಿದರು, ಅವನಲ್ಲಿಯೂ ಸಿಕ್ಕಲಿಲ್ಲ. ಊಟವನ್ನು ಮುಂದಿಟ್ಟುಕೊಂಡು, ನೀರಿಲ್ಲದ ಕಾರಣ ಉಣ್ಣಲಾರದೆ, ಆ ಮಕ್ಕಳು ಹಸಿದು ಮಲಗಿದರು. ಆ ಹುಡುಗ ಡಾ. ಅಂಬೇಡ್ಕರ್. ಮುಂದೆ ಅವರು ಇದನ್ನು ಬರೆದಿಟ್ಟ ಕಿರುಗ್ರಂಥದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’ ಎಂದು. ತನ್ನದೇ ನಾಡಿನಲ್ಲಿ ಪ್ರಯಾಣ ಮಾಡಲು ರಹದಾರಿಗಾಗಿ ಕಾದವನ ಕಥೆ ಅದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ ಹೇಳಿ, ಅವುಗಳ ಬಳಕೆಯಲ್ಲಿ ಜಾತಿಮತಗಳ ಅಡ್ಡಿಯನ್ನು ನಿಷೇಧಿಸಿತು. ಆ ವಾಕ್ಯದ ಹಿಂದೆ ಒಣಗಿದ ಗಂಟಲುಗಳು ಎಷ್ಟಿದ್ದವೆಂಬುದನ್ನು ನಾವು ಮರೆಯಲಾಗದು.

*

ಬಂಡಿಯ ದಾರಿಯ ಮೇಲೆ ಉಗಿಬಂಡಿ ಬಂದಿತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿನವರೆಗೆ ಹಾಕಿದ ಕಿರುಹಳಿ ಇಪ್ಪತ್ತನೆಯ ಶತಮಾನದ ಆರಂಭದ್ದು. ಕೊಟ್ಟೂರಿನಿಂದ ಹರಪನಹಳ್ಳಿಯ ಮೇಲೆ ಹರಿಹರಕ್ಕೆ ಹಳಿ ಕೂಡಿಕೊಳ್ಳಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ರೈಲಿನ ಪ್ರಯಾಣಿಕನಿಗೂ ನೀರು ಬೇಕು, ಎಂಜಿನ್ನಿಗೂ ಬೇಕು. ಎಂಜಿನ್ನಿನ ಬಾಯಾರಿಕೆಗೆ ಕಬ್ಬಿಣದ ಎತ್ತರದ ತೊಟ್ಟಿಯನ್ನು ಕಟ್ಟಿದ ರೈಲ್ವೆ, ಮನುಷ್ಯನ ಬಾಯಾರಿಕೆಗೆ ಕೊಡ ಹಿಡಿದ ಆಳೊಬ್ಬನನ್ನು ನೇಮಿಸಿತು. ದೇಶದ ಎಷ್ಟೋ ನಿಲ್ದಾಣಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ. ಒಂದೇ ಬಾವಿಯಿಂದ ಸೇದಿದ ನೀರು ಎರಡು ಕೊಡಗಳಿಗೆ ಇಳಿದೊಡನೆ ಎರಡು ಮತಗಳಿಗೆ ಸೇರುತ್ತಿತ್ತು! ಆದುದರಿಂದ ಮಧ್ಯಮವರ್ಗದ ಸಂಸಾರ ರೈಲು ಹತ್ತುವಾಗ ಹಾಸಿಗೆಯ ಸುರುಳಿಯೊಂದಿಗೆ ಮಣ್ಣಿನ ಕೂಜವನ್ನೂ ಹತ್ತಿಸುತ್ತಿತ್ತು. ಹೊಣೆ ಮತ್ತೆ ದಾರಿಯಿಂದ ದಾರಿಹೋಕನ ಹೆಗಲಿಗೆ ಬಂದಿತು.

ಆಕಾಶದ ದಾರಿಯೂ ಇದೇ ಬಳ್ಳಾರಿ ಸೀಮೆಯನ್ನು ಬಹು ಬೇಗ ಮುಟ್ಟಿತೆಂಬುದು ಎಷ್ಟೋ ಜನಕ್ಕೆ ತಿಳಿಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲು ವಿಮಾನವನ್ನು ಹಾರಿಸಿಕೊಂಡು ಬಂದರು. ಮುಂಬಯಿಯಿಂದ ಮದರಾಸಿಗೆ ಅದನ್ನು ಒಯ್ದವನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವೆ ಇಳಿದ ತಾಣ ಬಳ್ಳಾರಿ. ರಾತ್ರಿ ಹಾರುವ ಅನುಕೂಲವಿಲ್ಲದುದರಿಂದ ವಿಮಾನ ಇಲ್ಲಿಯೇ ತಂಗಿ, ಬೆಳಗಾದ ಮೇಲೆ ಮದರಾಸಿಗೆ ಹೋಯಿತು. ಒಂದೇ ಎಂಜಿನ್ನಿನ ಪುಟ್ಟ ಪುಸ್ ಮಾತ್ ವಿಮಾನ ಅದು. ಹೊತ್ತುದು ಟಪಾಲಿನ ಚೀಲಗಳನ್ನು. ಅಂಥ ವಿಮಾನಗಳು ತೀರ ಎತ್ತರಕ್ಕೆ ಹೋಗುತ್ತಿರಲಿಲ್ಲ. ಹೊರಗಿನ ಗಾಳಿಯೇ ಒಳಗಿನ ಗಾಳಿ. ಬಳ್ಳಾರಿಯ ಬಿಸಿಲಿಗೆ ಬಂದಿಳಿದವನಿಗೆ ಮೊದಲು ಬೇಕಾದುದು ಒಂದು ಲೋಟ ನೀರೇ ಆಗಿರಬೇಕು.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾಗಳ ಮೇಲೆ ಲಂಡನ್ನಿಗೆ ಹಾರಿದಾಗ ಯುಗ ಬದಲಾಗಿತ್ತು. ಆ ವಿಮಾನ ಒಳಗಿನ ಗಾಳಿಗೆ ಒತ್ತಡ ಕೊಟ್ಟು ಎತ್ತರದಲ್ಲಿ ಹಾರುವ ಜಾತಿಯದು. ಅಲ್ಲಿಂದ ಮುಂದೆ ವಿಮಾನವೆಂದರೆ ಮುಚ್ಚಿದ ಡಬ್ಬಿ. ಅದರೊಳಗಿನ ಹವೆ ಭೂಮಿಯ ಹವೆಯಲ್ಲ.

*

ಆ ಹವೆಯ ಗುಣವನ್ನು ಸ್ವಲ್ಪ ವಿಚಾರಿಸೋಣ. ಇಂದಿನ ಜೆಟ್ ವಿಮಾನ ಸುಮಾರು 35,000 ಅಡಿ ಎತ್ತರದಲ್ಲಿ ಹಾರುತ್ತದೆ. ಅಲ್ಲಿ ಹೊರಗಿನ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಅಷ್ಟು ತಣ್ಣನೆಯ ಗಾಳಿಯಲ್ಲಿ ತೇವ ಇಲ್ಲವೆಂದೇ ಹೇಳಬೇಕು. ಆ ಗಾಳಿಯನ್ನೇ ಒತ್ತಿ, ಹದಮಾಡಿ ಒಳಗೆ ಬಿಡುತ್ತಾರೆ. ಒಳಗಿನ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಎಂದರೆ, ನಾವು ಮುಳ್ಳಯ್ಯನಗಿರಿಯ ನೆತ್ತಿಯ ಮೇಲೋ ಉದಕಮಂಡಲದಲ್ಲೋ ಕುಳಿತಂತೆ. ಆದರೆ ಬೆಟ್ಟದ ಮಂಜಿನ ತೇವ ಅಲ್ಲಿಲ್ಲ. ಗಾಳಿಯ ಆರ್ದ್ರತೆ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು. ಉದಕಮಂಡಲದ ಎತ್ತರದಲ್ಲಿ ಬಳ್ಳಾರಿಯ ಬೇಸಗೆಯ ಒಣಗಾಳಿ ಬೀಸಿದರೆ ಹೇಗಿದ್ದೀತೋ ಹಾಗೆ. ಮೂಗು ಉರಿಯುವುದು, ಕಣ್ಣು ಕರಕರ ಎನ್ನುವುದು, ತುಟಿ ಸಿಡಿಯುವುದು ಇದರಿಂದ.

ಆದರೆ ಗಾಬರಿಗೆ ಕಾರಣವಿಲ್ಲ. ಈ ಒಣಗಾಳಿಗೆ ಉಸಿರಿನ ಮೂಲಕ ದೇಹ ಹೆಚ್ಚಾಗಿ ಕಳೆದುಕೊಳ್ಳುವ ನೀರು ತೀರ ದೊಡ್ಡ ಮೊತ್ತವಲ್ಲವೆಂದು ವೈದ್ಯರು ಹೇಳುತ್ತಾರೆ. ಒಣಗುವುದು ಮುಖ್ಯವಾಗಿ ಮೂಗು, ಗಂಟಲು, ಕಣ್ಣುಗಳ ಮೇಲ್ಪೊರೆ. ತೊಂದರೆ ಬರುವುದು ಇದಕ್ಕೆ ನಮ್ಮ ಅವಿವೇಕ ಸೇರಿದಾಗ. ಹೊರಡುವ ಗಡಿಬಿಡಿಯಲ್ಲಿ ನೀರು ಕುಡಿದಿರುವುದಿಲ್ಲ. ಮೇಲೆ ಹೋದಮೇಲೆ ಕೆಲವರು ಮದ್ಯ ಕೇಳುತ್ತಾರೆ. ಇನ್ನು ನಮ್ಮ ಹೆಂಗಸರು, ಅದರಲ್ಲೂ ವಯಸ್ಸಾದವರು, ನೀರು ಕುಡಿದರೆ ನಡುವೆ ಎದ್ದು ಹೋಗಬೇಕಾದೀತು, ಪಕ್ಕದವರನ್ನು ಎಬ್ಬಿಸಬೇಕಾದೀತು ಎಂಬ ಸಂಕೋಚದಿಂದ ಬಾಯಿ ಒಣಗಿಸಿಕೊಂಡು ಕುಳಿತಿರುತ್ತಾರೆ. ಶೌಚಕ್ಕೆ ಅನುಕೂಲವಿಲ್ಲದ ಬಸ್ ಪ್ರಯಾಣಗಳು ಕಲಿಸಿದ ಹಳೆಯ ಪಾಠ ಇದು. ಹತ್ತು ಗಂಟೆ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ನೀರು ಕುಡಿದವನು ಏಳಲೇಬೇಕು; ಎದ್ದವನ ಕಾಲು ಆಡಲೇಬೇಕು. ಈ ದೃಷ್ಟಿಯಿಂದ ನೀರಿನ ದೊಡ್ಡ ಉಪಕಾರ ಅದು ನಮ್ಮನ್ನು ಎಬ್ಬಿಸುವುದೇ ಎನ್ನಬಹುದು.

*

ಹಾಗಾದರೆ ಇಷ್ಟು ಬೇಕಾದ ನೀರನ್ನು ಬಾಗಿಲಲ್ಲಿಯೇ ಕಿತ್ತುಕೊಳ್ಳುವುದೇಕೆ? ಕಾವಲಿನವನನ್ನು ಬೈಯುವ ಮೊದಲು ಅವನ ಕಡೆಯ ಮಾತನ್ನೂ ಕೇಳಬೇಕು. 1987ರ ನವೆಂಬರಿನಲ್ಲಿ ಕೊರಿಯನ್ ಏರ್‌ನ ವಿಮಾನವೊಂದು ಅಂಡಮಾನ್ ಸಮುದ್ರದ ಮೇಲೆ ಸಿಡಿದು 115 ಜನ ಸತ್ತರು. ಒಂದು ರೇಡಿಯೋ ಪೆಟ್ಟಿಗೆಯಲ್ಲಿಯೂ ಮದ್ಯದ ಸೀಸೆಯಂತೆ ತೋರುವ ಒಂದು ಸೀಸೆಯಲ್ಲಿಯೂ ಸ್ಫೋಟಕವಿತ್ತು. 1994ರ ಡಿಸೆಂಬರ್ 11ರಂದು ಮನಿಲಾದಿಂದ ಟೋಕಿಯೋಗೆ ಹೊರಟ ಫಿಲಿಪೈನ್ ಏರ್‌ಲೈನ್ಸ್ ವಿಮಾನದಲ್ಲಿ, ಕಣ್ಣಿನ ಮಸೂರ ತೊಳೆಯುವ ದ್ರವದ ಸೀಸೆಯಲ್ಲಿ ತಂದ ಸ್ಫೋಟಕ ಸಿಡಿದು ಒಬ್ಬ ಪ್ರಯಾಣಿಕ ಸತ್ತನು. 2006ರ ಆಗಸ್ಟ್ 10ರಂದು ಲಂಡನ್ನಿನ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು: ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿಕೊಂಡು ಅಟ್ಲಾಂಟಿಕ್ ದಾಟುವ ಹಲವು ವಿಮಾನಗಳನ್ನು ಒಟ್ಟಿಗೆ ಉರುಳಿಸುವ ಸಂಚು. ಅಂದು ಅಲ್ಲಿಯ ತಾಯಂದಿರು ಕೂಸಿನ ಹಾಲನ್ನು ಕಾವಲಿನವರೆದುರು ರುಚಿ ನೋಡಿ ತೋರಿಸಬೇಕಾಯಿತು. ಆ ಕಾಲದ ಯಂತ್ರಗಳಿಗೆ ನೀರು ಯಾವುದು, ಮೃತ್ಯು ಯಾವುದು ಎಂದು ಬೇರ್ಪಡಿಸಿ ಹೇಳಲು ಬರುತ್ತಿರಲಿಲ್ಲ.

ಅದೇ ವರ್ಷದ ಶರತ್ಕಾಲದಲ್ಲಿ ಅಮೆರಿಕವೂ ಯೂರೋಪೂ ಈಗಿನ ನಿಯಮಕ್ಕೆ ಬಂದವು: ಒಂದೊಂದು ಸೀಸೆ 100 ಮಿಲಿಲೀಟರಿಗೆ ಮೀರಬಾರದು, ಎಲ್ಲ ಸೀಸೆಗಳೂ ಸುಮಾರು ಒಂದು ಲೀಟರಿನ ಒಂದೇ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಕೂಸಿನ ಆಹಾರಕ್ಕೆ, ಔಷಧಿಗೆ ರಿಯಾಯಿತಿಯುಂಟು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಲಹೆಯಂತೆ ಇತರ ದೇಶಗಳೂ ಇದನ್ನೇ ಹಿಡಿದವು. ಉಪ್ಪಿನಕಾಯಿ, ಮೊಸರು, ತುಪ್ಪಗಳು ದ್ರವವೋ ಘನವೋ ಎಂಬ ತರ್ಕ ಅಂದಿನಿಂದ ನಮ್ಮ ಪ್ರಯಾಣಿಕರಿಗೂ ಕಾವಲಿನವರಿಗೂ ನಡೆದೇ ಇದೆ. ನಿಯಮ ಹುಟ್ಟಿದುದು ಭಯದಿಂದ, ಭಯ ಸುಳ್ಳಾಗಿರಲಿಲ್ಲ. ಈಗ ಚೀಲದೊಳಗಿನ ವಸ್ತುವನ್ನು ಸುತ್ತಲಿನಿಂದ ಪರೀಕ್ಷಿಸುವ ಹೊಸ ಯಂತ್ರಗಳು ಬಂದಿವೆ. ಎಡಿನ್‌ಬರೋ, ಬರ್ಮಿಂಗ್‌ಹ್ಯಾಮ್ ನಿಲ್ದಾಣಗಳಲ್ಲಿ 2025ರಲ್ಲಿ ಎರಡು ಲೀಟರಿನ ಸೀಸೆಗೂ ಒಪ್ಪಿಗೆ ದೊರೆಯಿತು. ಎಲ್ಲೆಡೆಯೂ ಹಾಗಾಗುವತನಕ ತಂಬಿಗೆ ಬಾಗಿಲಲ್ಲಿ ಬರಿದಾಗಲೇಬೇಕು.

ಇಲ್ಲಿಯೇ ನನ್ನ ವಾದವಿರುವುದು. ಬಂಡಿಯ ದಾರಿ ನೀರು ಕೊಡದಿದ್ದರೆ ಹೊತ್ತುಕೊಂಡು ಹೋಗುವ ಸ್ವಾತಂತ್ರ್ಯವಾದರೂ ಇತ್ತು. ರೈಲು ನೀರು ಕೊಡದಿದ್ದರೆ ಕೂಜವಿತ್ತು. ವಿಮಾನದ ದಾರಿ ಮಾತ್ರವೇ ದಾರಿಹೋಕನ ನೀರನ್ನು ಕಾಯಿದೆಯ ಬಲದಿಂದ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳುವ ಹಕ್ಕಿರುವವನಿಗೆ ಕೊಡುವ ಹೊಣೆಯೂ ಇರಬೇಕಲ್ಲವೆ? ನೀರನ್ನು ತಡೆಯುವ ಬಾಗಿಲನ್ನು ದಾಟಿದೊಡನೆ, ಮೊದಲ ಅಂಗಡಿಗಿಂತ ಮೊದಲು, ಕಣ್ಣಿಗೆ ಬೀಳುವಂತೆ, ಕುಡಿಯುವ ನೀರಿನ ನಲ್ಲಿಯಿರಬೇಕು. ಅದು ಉಪಕಾರವಲ್ಲ, ಸಾಲದ ತೀರುವಳಿ.

ನೀರಿಗೆ ಬೆಲೆ ಕಟ್ಟಿದ ಚರಿತ್ರೆಯೂ ನಮ್ಮಲ್ಲಿ ಹಳೆಯದಲ್ಲ. 1965ರ ಸುಮಾರಿಗೆ ಮುಂಬಯಿಯಲ್ಲಿ ಬಿಸ್ಲೆರಿ ನೀರು ಗಾಜಿನ ಬಾಟಲಿಯಲ್ಲಿ ಮಾರಾಟಕ್ಕೆ ಬಂದಾಗ, ನೀರನ್ನೂ ಕೊಳ್ಳುವವರುಂಟೆ ಎಂದು ಜನ ನಕ್ಕಿದ್ದರೆ ಆಶ್ಚರ್ಯವಿಲ್ಲ. 2003ರಲ್ಲಿ ರೈಲ್ವೆಯೇ ‘ರೈಲ್ ನೀರ್’ ಎಂಬ ಬಾಟಲಿಯನ್ನು ಹೊರತಂದಿತು. ಅದೇ ವರ್ಷ ಬೆಂಗಳೂರಿನಿಂದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಅಗ್ಗದ ಹಾರಾಟ ಆರಂಭಿಸಿ, ವಿಮಾನವನ್ನು ನೋಡಿಯೇ ತೃಪ್ತರಾಗಿದ್ದವರನ್ನು ಅದರೊಳಗೆ ಕೂರಿಸಿತು. ಅಂದಿನಿಂದ ತಪಾಸಣೆಯ ಸಾಲಿನಲ್ಲಿ ಅಧಿಕಾರಿಗಳು, ವ್ಯಾಪಾರಿಗಳು ಮಾತ್ರವಲ್ಲ, ಹಳ್ಳಿಯ ಮುದುಕಿಯರೂ ನಿಂತಿದ್ದಾರೆ. ಅವರಿಗೆ ವಿಮಾನ ನಿಲ್ದಾಣದ ಅಂಗಡಿಯ ಬೆಲೆ ಕೇಳಿದರೆ ಬಾಯಾರಿಕೆಯೇ ಹಿಂಗಿಹೋಗುತ್ತದೆ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತದ ನಿಲ್ದಾಣದಲ್ಲಿ ಸರ್ಕಾರ ತೆರೆಯಿಸಿದ ‘ಉಡಾನ್ ಯಾತ್ರಿ ಕೆಫೆ’ಯಲ್ಲಿ ಹತ್ತು ರೂಪಾಯಿಗೆ ನೀರು, ಹತ್ತು ರೂಪಾಯಿಗೆ ಚಹ ಎಂದು ಗೊತ್ತುಮಾಡಿದುದು ಸುದ್ದಿಯಾಯಿತು. ಸುದ್ದಿಯಾಯಿತೆಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ. ಸಾನ್‌ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ 2019ರಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರಿನ ಮಾರಾಟವನ್ನೇ ನಿಲ್ಲಿಸಿ, ನಲ್ಲಿಯಿಂದ ತುಂಬಿಕೊಳ್ಳುವ ಪದ್ಧತಿಗೆ ಜನರನ್ನು ಹಚ್ಚಿದರು. ನಮ್ಮ ನಿಲ್ದಾಣಗಳಲ್ಲಿಯೂ ನಲ್ಲಿಗಳಿವೆ; ಆದರೆ ಎಷ್ಟೋ ವೇಳೆ ಅವು ಶೌಚಾಲಯದ ಪಕ್ಕದ ಮೂಲೆ ಹಿಡಿದಿರುತ್ತವೆ. ಅರವಟ್ಟಿಗೆಯನ್ನು ಕಟ್ಟಿದವನು ಅದನ್ನು ದಾರಿಯ ಬದಿಗೇ ಕಟ್ಟಿದ್ದನು, ಮರೆಯಲ್ಲಲ್ಲ.

*

ಹೊಣೆಯ ಮಾತಾಯಿತು, ಇನ್ನು ಪ್ರಯಾಣ ಹೊರಟವರು ತಾವೇ ಮಾಡಿಕೊಳ್ಳಬಹುದಾದ ಎರಡು ಮಾತು. ಕಾಯಿದೆ ತಡೆಯುವುದು ನೀರನ್ನೇ ಹೊರತು ಪಾತ್ರೆಯನ್ನಲ್ಲ. ಬರಿಯ ಬಾಟಲಿಯನ್ನೋ ತಂಬಿಗೆಯನ್ನೋ ಒಳಗೆ ಒಯ್ದು, ನಲ್ಲಿ ಕಂಡಲ್ಲಿ ತುಂಬಿಕೊಳ್ಳಬಹುದು. ಮನೆ ಬಿಡುವ ಮೊದಲು ಒಂದು ಲೋಟ ಮಜ್ಜಿಗೆ ಕುಡಿದು ಹೊರಡುವ ಹಳೆಯ ಪದ್ಧತಿ ಒಳ್ಳೆಯದು. ವಿಮಾನದೊಳಗೆ ನೀರು ಕೇಳುವುದಕ್ಕೆ ನಾಚಿಕೆ ಬೇಡ. ಒಮ್ಮೆಗೇ ಕೊಡಗಟ್ಟಲೆ ಕುಡಿಯುವ ಹಟವೂ ಬೇಡ, ಗುಟುಕು ಗುಟುಕಾಗಿ ಕುಡಿದರೆ ಸಾಕು. ವಯಸ್ಸಾದವರು ಓಣಿಯ ಬದಿಯ ಕುರ್ಚಿಯನ್ನು ಮೊದಲೇ ಕೇಳಿಕೊಂಡರೆ ಏಳುವ ಸಂಕೋಚ ತಪ್ಪುತ್ತದೆ. ಕಣ್ಣಿಗೆ ಮಸೂರ ಹಾಕುವವರು ಆ ಹೊತ್ತಿಗೆ ಕನ್ನಡಕ ಹಾಕಿಕೊಳ್ಳಲಿ. ತುಟಿಗೆ ಹಚ್ಚುವ ಬೆಣ್ಣೆಯಂಥ ಲೇಪ ಸಣ್ಣ ಡಬ್ಬಿಯಲ್ಲಿದ್ದರೆ ಯಾರೂ ತಡೆಯರು. ಮೂಗು ಉರಿದರೆ ತೆಳು ಬಟ್ಟೆಯನ್ನು ಮೂಗಿಗೆ ಅಡ್ಡ ಹಿಡಿದುಕೊಂಡರೆ ನಮ್ಮ ಉಸಿರಿನ ತೇವವೇ ನಮಗೆ ದಕ್ಕುತ್ತದೆ. ಇಳಿಯುವಾಗ ಕಿವಿ ಗಪ್ಪೆಂದರೆ ಜೊಲ್ಲು ನುಂಗುತ್ತಿರಬೇಕು. ಅದಕ್ಕೆ ಬಾಯಲ್ಲೊಂದು ಬೆಲ್ಲದ ಚೂರಿದ್ದರೆ ಸುಲಭ. ಬೆಲ್ಲ ಘನವಸ್ತು, ಅದಕ್ಕೆ ನೂರು ಮಿಲಿಲೀಟರಿನ ಕಟ್ಟಿಲ್ಲ!

ಆ ಮುದುಕಿಯನ್ನು ನಾನು ಮತ್ತೆ ಕಂಡೆ. ತಪಾಸಣೆಯ ಆಚೆ, ಹೊಳೆಯುವ ಅಂಗಡಿಗಳ ಸಾಲನ್ನು ದಾಟಿ, ಮೂಲೆಯ ನಲ್ಲಿಯೊಂದರ ಮುಂದೆ ಆಕೆ ತಂಬಿಗೆ ಹಿಡಿದು ನಿಂತಿದ್ದಳು. ಗುಂಡಿ ಒತ್ತಿದರೆ ನೀರು ಮೇಲಕ್ಕೆ ಚಿಮ್ಮುವ ನಲ್ಲಿ ಅದು. ಬಾಯಿಟ್ಟು ಕುಡಿಯುವವರಿಗೆಂದು ಮಾಡಿದ್ದು, ತಂಬಿಗೆಯ ಬಾಯಿ ಅದಕ್ಕೆ ಸೇರುತ್ತಿರಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು ತಂಬಿಗೆಗೆ ಹಾಕಿಕೊಳ್ಳುತ್ತಿದ್ದಳು. ಅರ್ಧ ಚೆಲ್ಲುತ್ತಿತ್ತು, ಅರ್ಧ ಒಳಗೆ ಹೋಗುತ್ತಿತ್ತು. ನಾನು ಹೋಗಿ ಗುಂಡಿ ಒತ್ತಿ ಹಿಡಿದೆ. ಆಕೆ ಎರಡು ಕೈಯಿಂದಲೂ ನೀರು ಹಿಡಿದು ತಂಬಿಗೆ ತುಂಬಿಸಿಕೊಂಡು, ಮುಚ್ಚಳ ತಿರುಪಿ, "ಪುಣ್ಯ ಬರ್ಲೆಪ್ಪಾ" ಎಂದಳು.

ಗುಂಡಿ ಒತ್ತಿದ್ದಕ್ಕೆ ಪುಣ್ಯ ಬರುವುದೋ ಇಲ್ಲವೋ ನಾನರಿಯೆ. ಆದರೆ ಅರವಟ್ಟಿಗೆಯಲ್ಲಿ ನೀರು ಹೊಯ್ಯಲು ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದುದೇಕೆಂಬುದು ಆಗ ಅರ್ಥವಾಯಿತು.